ಜೋಡಿಪಟ್ಟಿ

ಹತ್ತು ತಿಂಗಳಾದರೂ ನನ್ನ ಮೊಮ್ಮಗಳು ಮಂದಾರಳ ಕತ್ತು ನಿಂತಿರಲಿಲ್ಲ. ಉಣಿಸಿದ್ದರಲ್ಲಿ ಅರ್ಧ ಬಾಯಿಂದ ಹೊರಗೇ ಬರುತ್ತಿತ್ತು. ಎಲ್ಲ ತಾಯಂದಿರಂತೆ ಸೊಸೆ ಸುಮಿತ್ರೆಯೂ ಅಂಗನವಾಡಿಯಿಂದ ಜೋಡಿಪಟ್ಟಿ ತಂದಳು. ಒಂದನ್ನು ಮಗುವಿನ ಕೊರಳಿಗೆ, ಇನ್ನೊಂದನ್ನು ನಮ್ಮ ಕೊರಳಿಗೆ ಕಟ್ಟಿದರೆ ಮಗುವಿಗೆ ಆಗುವುದೆಲ್ಲ ನಮಗೂ ಆಗುತ್ತದೆ.

“ಒಂದ್ಸಲ ಕಟ್ಕೊಂಡು ನೋಡಿ ಅತ್ತೆ.”

“ಮೂರು ಮಕ್ಕಳನ್ನ ಸಾಕಿದೋಳಿಗೆ ಇದೆಲ್ಲ ಬೇಕೇನೇ? ಇವಳಿಗೆ ಹಟ, ಅಷ್ಟೇ,” ಎಂದು ನಗುತ್ತಲೇ ಕಟ್ಟಿಕೊಂಡೆ.

ಎಂದಿನಂತೆ ಚಾಚಿದ ಕಾಲ ಮೇಲೆ ಮಗುವನ್ನು ಅಂಗಾತ ಮಲಗಿಸಿ, ಒಳಲೆಯಿಂದ ರಾಗಿ ಸರಿಯನ್ನು ಬಾಯಿಗೆ ಹುಯ್ದೆ.

ನನ್ನ ತಲೆ ಕಲ್ಲಿನಂತೆ ಭಾರವಾಗಿ ಹಿಂದಕ್ಕೆ ವಾಲಿತು. ನುಂಗೋಣವೆಂದರೆ ನಾಲಗೆ ಮಾತು ಕೇಳಲಿಲ್ಲ. ಗಂಟಲು ಕಟ್ಟಿತು. ಬಾವಿಗೆ ಬಿದ್ದವಳಂತೆ ಉಸಿರಿಗೆ ಒದ್ದಾಡಿದೆ.

ಸುಮಿತ್ರೆ ಮಗುವನ್ನು ಸರಕ್ಕನೆ ಎತ್ತಿ ನೆಟ್ಟಗೆ ಹಿಡಿದಳು. ಮಂದಾರಳೂ ನಾನೂ ಒಟ್ಟಿಗೇ ಕೆಮ್ಮಿದೆವು.

“ದಿನಾ ಹೀಗೇನಾ ಇವಳಿಗೆ? ಮೂರು ಹೊತ್ತೂ?”

ಸೊಸೆ ಕಣ್ಣೊರೆಸಿಕೊಂಡಳು.

“ಆ ಒಳಲೆ ಅಟ್ಟಕ್ಕೆ ಹಾಕೇ. ಚಿಕ್ಕ ಚಮಚ ತಾ. ಕೂರಿಸ್ಕೊಂಡೇ ತಿನ್ಸೋಣ.”

ಮಗುವಿನ ಕತ್ತಿಗೆ ಕೈಯಾನಿಸಿ ಕೂರಿಸಿಕೊಂಡು ಚಮಚ ಹಿಡಿದೆ. ಹಟವೆಂದುಕೊಂಡಿದ್ದೆನಲ್ಲ, ಆ ಮಗು ನನ್ನ ಮುಖ ಕಂಡು ನಕ್ಕು, ಮತ್ತೆ ಬಾಯಿ ತೆರೆಯಿತು.