ಯಜಮಾನರ ಹೆಸರು

"ನಿಮ್ಮ ಯಜಮಾನರ ಹೆಸರು ಹೇಳಮ್ಮ," ರೂಪ ಸಿಸ್ಟರ್ ಮೂರನೇ ಸಲ ಕೇಳಿದಳು. ಅವಳ ಕೈಯಲ್ಲಿ ರಕ್ತದ ಚೀಲವಿತ್ತು. ಫ್ರಿಜ್ಜಿನಿಂದ ಹೊರಬಂದದ್ದು ಅರ್ಧ ಗಂಟೆಯೊಳಗೆ ಏರಬೇಕು, ಇಲ್ಲವೇ ಹಾಳು. ಹತ್ತು ನಿಮಿಷ ಆಗಲೇ ಕಳೆದಿತ್ತು.

"ನಮ್ಮ ಮಂಜಿ ಅಪ್ಪ," ಎಂದಳು ಸೊಣ್ಣಮ್ಮ. ಮೈಯಲ್ಲಿ ರಕ್ತವಿಲ್ಲದೆ ಮುಖ ಸುಣ್ಣ ಬಳಿದಂತಿದ್ದರೂ ನಾಚಿಕೆಗೇನೂ ಕೊರತೆಯಿರಲಿಲ್ಲ.

"ಆಧಾರ್ ಕಾರ್ಡಲ್ಲೂ ಮಂಜಿ ಅಪ್ಪ ಅಂತಲೇ ಐತಾ?"

"ಅಗೋ, ಅಲ್ಲೇ ನಿಂತವ್ರಲ್ಲ, ಅವರನ್ನೇ ಕೇಳವ್ವ."

ಮಂಚದ ಕಾಲ್ದೆಸೆಯಲ್ಲಿ ಟವಲ್ ಹಿಂಡುತ್ತ ನಿಂತಿದ್ದ ಗಂಡ ಬಾಯಿ ತೆರೆದ. ರೂಪ ಕೈಯೆತ್ತಿ ತಡೆದಳು. ಪಕ್ಕದ ಮಂಚದಲ್ಲಿ ಇನ್ನೊಬ್ಬ ಸೊಣ್ಣಮ್ಮ. ಅವಳೂ ಸೂಲಿಬೆಲೆ ಕಡೆಯವಳೇ, ರಕ್ತದ ಗುಂಪು ಮಾತ್ರ ಬೇರೆ. ಕಿವಿ ಮಂದ. ಊಟ ಆಯ್ತಾ ಎಂದರೂ ತಲೆಯಾಡಿಸುವಳು, ನೀವು ಇಂಥವರ ಹೆಂಡತಿಯಾ ಎಂದರೂ ತಲೆಯಾಡಿಸುವಳು. ಯಾವ್ಯಾವ ದೇಶದಲ್ಲೋ ಯಾರೋ ಹೇಳಿಕೊಟ್ಟ ಹೆಸರಿಗೆ ಇನ್ಯಾರೋ ಹೀಗೇ ತಲೆಯಾಡಿಸಿ, ಒಬ್ಬರ ರಕ್ತ ಮತ್ತೊಬ್ಬರಿಗೆ ಏರಿ, ಆ ವರದಿಗಳೆಲ್ಲ ಸೇರಿ ಒಂದು ನಿಯಮವಾಗಿ ಈ ವಾರ್ಡಿನ ಗೋಡೆಗೂ ಬಂದು ಅಂಟಿತ್ತು: ತನ್ನ ಹೆಸರು, ಯಜಮಾನರ ಹೆಸರು ಎರಡನ್ನೂ ರೋಗಿ ತನ್ನ ಬಾಯಲ್ಲೇ ಹೇಳಬೇಕು. ನಿಯಮ ಬರೆದವರಿಗೆ ಸೂಲಿಬೆಲೆಯ ಹೆಂಗಸರ ಪರಿಚಯವಿರಲಿಲ್ಲ.

"ಯಾಕಮ್ಮ, ಹೇಳಿದ್ರೆ ಏನಾಗ್ತದೆ?"

"ಗಂಡನ ಹೆಸರು ಕರೆದ್ರೆ ಅವರ ಆಯಸ್ಸು ಸವೀತದೆ."

"ನನ್ನ ಆಯಸ್ಸು ನಾನು ನೋಡ್ಕೊಂತೀನಿ, ಹೇಳೇ ಮಾರಾಯ್ತಿ!" ಎಂದ ಗಂಡ.

"ಆಯಸ್ಸು ನಿಂದು. ತಾಳಿ ನಂದಲ್ವಾ? ಸುಮ್ಕಿರು."

ಗಡಿಯಾರದ ಮುಳ್ಳು ಇನ್ನೈದು ನಿಮಿಷ ನುಂಗಿತು. ಅವನು ಟವಲನ್ನು ಹೆಗಲಿಗೆ ಹಾಕಿಕೊಂಡು ಹತ್ತಿರ ಬಂದ. "ನೂರು ವರ್ಷ ಇಟ್ಕೊಂಡು ನಾನೇನು ಮಾಡ್ಲಿ? ಮುದ್ದೆ ತಿರುವೋರು ಯಾರೇ?"

ಸೊಣ್ಣಮ್ಮ ಸೂರು ನೋಡಿದಳು. ಸೆರಗನ್ನು ಮೂಗಿನವರೆಗೆ ಎಳೆದುಕೊಂಡಳು. ಕಣ್ಣು ಮುಚ್ಚಿ, ಕಹಿ ಔಷಧಿ ನುಂಗುವವಳಂತೆ ಒಂದೇ ಗುಟುಕಿಗೆ ಅಂದಳು: "ಬೈಲಪ್ಪ."

ರೂಪ ಚೀಟಿ ನೋಡಿದಳು, ಕೈಪಟ್ಟಿ ನೋಡಿದಳು, ಚೀಲ ನೋಡಿದಳು. ಮೂರೂ ಒಪ್ಪಿದವು. ಮೊದಲ ಹನಿ ಇಳಿಯಿತು. ಚಳಿಯೋ ತುರಿಕೆಯೋ ಬಂದೀತೆಂದು ಹದಿನೈದು ನಿಮಿಷ ನಾಡಿ ಹಿಡಿದು ಅಲ್ಲೇ ಕೂತಳು. ಏನೂ ಬರಲಿಲ್ಲ.

ಬದಲಾದದ್ದು ಬೈಲಪ್ಪನ ಮುಖ. ನಲವತ್ತೆರಡು ವರ್ಷದ ಸಂಸಾರದಲ್ಲಿ ಆ ಬಾಯಲ್ಲಿ ಆ ಹೆಸರು ಕೇಳಿದ್ದು ಇದೇ ಮೊದಲು. ಮೆಲ್ಲಗೆ ರೂಪಳ ಪಕ್ಕಕ್ಕೆ ಬಂದು ಬಗ್ಗಿದ.

"ನಾಳೆ ಇನ್ನೊಂದು ಬಾಟ್ಲು ಐತೆ ಅಂದ್ರಲ್ಲ ಸಿಸ್ಟ್ರೇ... ಅದಕ್ಕೂ ಕೇಳ್ತೀರ ತಾನೇ?"