ಬುಟ್ಟಿಯಲ್ಲಿದ್ದ ಬದನೆಕಾಯಿ

ಸಂತೆಯಲ್ಲಿ ಬದನೆಕಾಯಿ ಆರಿಸುವಾಗ ಈಗಲೂ ನನ್ನ ಹೆಬ್ಬೆರಳು ಅದರ ನುಣುಪು ಸಿಪ್ಪೆಯ ಮೇಲೆ ಸೂಜಿಯ ತೂತು ಹುಡುಕುತ್ತದೆ.

ಚಿಕ್ಕಂದಿನಲ್ಲಿ ನನಗೆ ಸಕ್ಕರೆ ಕಾಯಿಲೆಯೆಂದು ಗೊತ್ತಾದ ಮೇಲೆ ರಾಯಚೂರಿನ ಡಾಕ್ಟರು, ಇನ್ಸುಲಿನ್ ಒಂದು ದಿನವೂ ತಪ್ಪಬಾರದು ಎಂದು ಹೇಳಿ ಕಳಿಸಿದ್ದರು. ದೇವದುರ್ಗದ ಮನೆಗೆ ಬಂದ ಮರುದಿನ ಮಧ್ಯಾಹ್ನ ಅವ್ವ ಸೂಜಿ ಹಿಡಿದಳು.

"ಇರುವಿ ಕಡದಂಗ ಅಷ್ಟ. ಅಂಜಬ್ಯಾಡ."

ನಾನು ಅಡುಗೆಮನೆಗೆ ಓಡಿ ತರಕಾರಿ ಬುಟ್ಟಿಯ ಹಿಂದೆ ಮುದುಡಿ ಕೂತೆ. ಬುಟ್ಟಿಯಲ್ಲಿದ್ದ ಬದನೆಕಾಯಿಗಳ ಮೈತುಂಬ ಸಣ್ಣ ಸಣ್ಣ ತೂತುಗಳಿದ್ದವು. ಸ್ಪಿರಿಟ್ ವಾಸನೆ ಬರುತ್ತಿತ್ತು.

"ಇವನ್ನ ಯಾರು ಚುಚ್ಯಾರಬೇ?"

"ನಾನ. ನರ್ಸಮ್ಮ ಹಿಂಗ ಕಲಕೋ ಅಂದಿದ್ಲು."

"ಕಲತಿದ್ರ ಕೈ ಯಾಕ ನಡಗಾಕತ್ತದ?"

ಅವ್ವ ನನ್ನೆದುರು ಕುಕ್ಕರಗಾಲಲ್ಲಿ ಕೂತಳು.

"ಬದ್ನಿಕಾಯಿ ‘ಯವ್ವಾ’ ಅನ್ನಂಗಿಲ್ಲಪಾ."

ನಾನು ತೊಡೆ ಚಾಚಿ ತುಟಿ ಕಚ್ಚಿ ಹಿಡಿದೆ. ಸೂಜಿ ಒಳಗಿಳಿಯಿತು. ನಾನೂ ‘ಯವ್ವಾ’ ಅನ್ನಲಿಲ್ಲ.