ಗುಳಿಗೆಯ ಪಾಲು

ಲಾಲಮ್ಮನ ರಕ್ತದ ಅಂಶ ಈ ಸಲವೂ ಏಳರ ಮೇಲೆ ಏರಿರಲಿಲ್ಲ. ಆರೋಗ್ಯ ಕೇಂದ್ರದ ಸಿಸ್ಟರ್ ಅನ್ವರಬಿ ಚೀಟಿಯಿಂದ ತಲೆ ಎತ್ತಿ, ಚುಚ್ಚಿದ ಬೆರಳಿಗೆ ಹತ್ತಿ ಒತ್ತಿಕೊಂಡು ಎದುರಿಗೆ ಕೂತಿದ್ದ ಆ ಸಣ್ಣ ವಯಸ್ಸಿನ ಹೆಣ್ಣುಮಗಳನ್ನು ನೋಡಿದಳು.

“ಹೋದ ತಿಂಗಳು ಕೊಟ್ಟ ರಕ್ತ ಏರೂ ಗುಳಿಗಿ ತೊಗೊಂಡಿ ಏನವ್ವಾ?”

“ತೊಗೊಂಡೀನ್ರಿ.”

“ಸುಳ್ಳು ಹೇಳಬ್ಯಾಡ. ತೊಗೊಂಡಿದ್ರ ರಕ್ತ ಯಾಕ ಏರಿಲ್ಲ?”

ತನ್ನ ಗುಂಪಿನವಳಿಗೆ ಯಾರಾದರೂ ಸುಳ್ಳುಗಾತಿ ಅಂದರೆ ಮೌನಮ್ಮನಿಗೆ ತಡೆಯುತ್ತಿರಲಿಲ್ಲ. ಕಾಲುವೆ ನೀರು ಬಂದಾಗಿನಿಂದ ಹೆಂಗಸರ ಗುಂಪು ಕಟ್ಟಿಕೊಂಡು ಭತ್ತದ ನಾಟಿಗೆ ಊರೂರು ತಿರುಗುವವಳು ಅವಳು. ಹೆಸರಿಗಷ್ಟೇ ಮೌನಮ್ಮ. ಬೆಂಚಿನಿಂದ ಎದ್ದೇಬಿಟ್ಟಳು.

“ಸುಳ್ಳಲ್ಲರಿ ಸಿಸ್ಟರಮ್ಮಾ, ನನ್ನ ಕಣ್ಣ ಮುಂದನ ನುಂಗ್ಯಾಳ. ಆಕಿ ಒಬ್ಬಾಕಿ ಏನು, ನಾವೆಲ್ಲಾರೂ ನುಂಗೀವಿ.”

“ಎಲ್ಲಾರೂ ಅಂದ್ರ?”

“ಇಡೀ ಗುಂಪರಿ. ಅವತ್ತು ಟಂಟಂ ಗಾಡಿ ಹತ್ತಿದ ಕೂಡ್ಲೆ ಗುಳಿಗಿ ನನ್ನ ಉಡಿಯಾಗ ಹಾಕ್ಕೊಂಡು ಸರಿ ಪಾಲು ಮಾಡೀನಿ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮಿಲ್ಲ.”

ಶಾಭಾಷ್ ಅನ್ನಲಿ ಎಂಬಂತೆ ಅವಳು ಸಿಸ್ಟರ್ ಮುಖ ನೋಡಿದಳು. ತಪ್ಪೇನು? ಕೂಲಿ ಇರಲಿ, ಬುತ್ತಿಯ ಪಲ್ಯ ಇರಲಿ, ಕೆಂಭಾವಿ ಸಂತೆಯಿಂದ ಯಾರೋ ತಂದ ಬೆಲ್ಲದ ಚೂರೇ ಇರಲಿ, ಗುಂಪಿನಲ್ಲಿ ಎಲ್ಲಕ್ಕೂ ಸಮಪಾಲು. ಅದಕ್ಕೆ ತಕ್ಕಂತೆ ಇನ್ನೊಂದು ಕಾನೂನೂ ಇತ್ತು: ಕೆಸರಿಗೆ ಇಳಿಯದವಳಿಗೆ ಆ ದಿನದ ಪಾಲಿಲ್ಲ. ಕಾಲಿಗೆ ಮುಳ್ಳು ನೆಟ್ಟು ಕೂತ ಸ್ವಂತ ತಂಗಿಗೂ ಮೌನಮ್ಮ ಪಾಲು ಕೊಟ್ಟವಳಲ್ಲ.

“ಯಾ ಅಲ್ಲಾ!” ಅನ್ವರಬಿ ಹಣೆ ಹಿಡಿದುಕೊಂಡಳು. ಸಿಟ್ಟಿಗಿಂತ ಮೊದಲು ನಗೆಯೇ ಬಂತು. “ರಕ್ತ ಚೊಲೋ ಇದ್ದವರಿಗೂ ತಿನಿಸೀಯಾ?”

ಬಾಗಿಲಲ್ಲಿ ನಿಂತಿದ್ದ ದಪ್ಪನೆಯ ತಿಮ್ಮವ್ವ ಕತ್ತು ಚಾಚಿದಳು. “ಅದಕ್ಕ ಏನ್ರಿ ನನ್ನ ಹೊಟ್ಟಿ ಕಲ್ಲಿನಂಗ ಕಟ್ಟಿದ್ದು?”

ಹೊರಗಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ಅನ್ವರಬಿಯ ನಗೆ ಮಾತ್ರ ಬೇಗ ಇಳಿಯಿತು.

“ನಗೂ ಮಾತಲ್ಲ ಇದು. ಈಕಿ ರಕ್ತ ಇನ್ನೂ ಇಳೀತಂದ್ರ ಯಾದಗಿರಿಗೆ ಕಳಿಸಿ ರಕ್ತದ ಬಾಟ್ಲಿ ಏರಿಸಬೇಕಾಗ್ತದ. ಬಿಸಲಾಗ ಬಗ್ಗಿ ನಾಟಿ ಮಾಡಾಕತ್ತಿದ್ರ ಒಂದು ದಿನ ಕೆಸರಾಗ ಬೀಳ್ತಾಳ. ರಕ್ತ ಏರೂತನಕ ಗದ್ದಿಗೆ ಇಳಿಸಬ್ಯಾಡ್ರಿ ಅಂದಾರ ಡಾಕ್ಟರು.” ಹೊಸ ಗುಳಿಗೆಗಳನ್ನು ಲಾಲಮ್ಮನ ಅಂಗೈಗೆ ಹಾಕಿ, ಬೆರಳುಗಳನ್ನು ತಾನೇ ಮಡಚಿದಳು. “ಇವು ನಿನಗಷ್ಟೇ. ತಿಳೀತಾ?”

ಹೊರಗೆ ಬಂದದ್ದೇ ಲಾಲಮ್ಮ ಮೌನಮ್ಮನ ಕೈ ಹಿಡಿದಳು. “ಅಕ್ಕಾ, ನನ್ನ ಗುಂಪಿನಾಗಿಂದ ತಗೀಬ್ಯಾಡ. ಬಗ್ಗಿ ಎದ್ದರ ಕಣ್ಣಿಗೆ ಕತ್ತಲಿ ಬರ್ತಿತ್ತು, ಖರೆ. ಹೇಳಿದ್ರ ಪಾಲು ಹೋಗ್ತದಂತ ಸುಮ್ಮನಿದ್ದೆ. ಈ ನಾಟಿ ತಪ್ಪಿದ್ರ ಮತ್ತ ಕಾಲುವಿ ನೀರು ಬಿಡೂತನಕ ನನಗೇನದ?”

ಈ ಹುಡುಗಿಯ ಪಾಲಿನ ರಕ್ತವನ್ನು ತಾವೆಲ್ಲ ಸೇರಿ ಹಂಚಿಕೊಂಡು ತಿಂದ ಹಾಗಾಯಿತಲ್ಲ ಎಂದು ಮೌನಮ್ಮನಿಗೆ ಸಂಕಟವಾಯಿತು. ಟಂಟಂನಲ್ಲಿ ಊರು ಮುಟ್ಟುವವರೆಗೂ ಅವಳು ತುಟಿ ಬಿಚ್ಚಲಿಲ್ಲ. ಅವಳು ಬೈದಿದ್ದರೆ ಉಳಿದವರಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಗದ್ದೆಯ ಬದುವಿನ ಮೇಲೆ ಸೀರೆ ಎತ್ತಿ ಕಟ್ಟುತ್ತಾ ಬಾಯಿ ಬಿಟ್ಟಳು. “ಲಾಲಮ್ಮ ಇವತ್ತು ಇಳಿಯಾಂಗಿಲ್ಲ. ಪಾಲು ಮಾತ್ರ ಆಕಿಗೂ ಅದ. ಗುಳಿಗಿ ಹಂಚ್ಕೊಂಡು ತಿಂದೀವಿ, ಈಗ ಆಕಿ ಕೆಲಸಾನೂ ಹಂಚ್ಕೋರಿ.”

ಯಾರೂ ತಕರಾರು ತೆಗೆಯಲಿಲ್ಲ. “ನನ್ನ ಕಡೆ ಒಂದು ಹಿಡಿ ಸಸಿ ಹೆಚ್ಚಿಗೆ ಇರಲಿ, ನಾನು ಹೊಟ್ಟಿ ಕಟ್ಟೂತನಕ ತಿಂದೀನಿ,” ಎಂದು ತಿಮ್ಮವ್ವ ಎಲ್ಲರಿಗಿಂತ ಮೊದಲು ಕೆಸರಿಗೆ ಇಳಿದಳು.

ಬಿಸಿಲೇರುವ ಹೊತ್ತಿಗೆ ಗದ್ದೆಯ ಮಾಲೀಕ ವೆಂಕಟಪ್ಪ ಬಂದ. ಅವನ ಕಣ್ಣು ನೇರ ಬೇವಿನ ಗಿಡದ ಕೆಳಗೆ ಹೋಯಿತು. “ಏನಿದು ಮೌನಮ್ಮಾ? ಒಬ್ಬಾಕಿ ನೆಳ್ಳಾಗ ಕುಂತಾಳ. ಕುಂತಾಕಿಗೂ ಕೂಲಿ ಏನು?”

“ನಾವು ಗುತ್ತಾ ಹಿಡದದ್ದು ಎಕರೆ ಲೆಕ್ಕದಾಗರಿ ಸಾವ್ಕಾರ್ರ, ತಲಿ ಲೆಕ್ಕದಾಗಲ್ಲ. ಸಂಜೀಕ ಗದ್ದಿ ತುಂಬಿತೋ ಇಲ್ಲೋ ಅದನ್ನ ನೋಡ್ರಿ. ಕೂಲಿ ಹೆಂಗ ಹಂಚ್ಕೋತೀವಿ ಅಂಬೋದು ನಮ್ಮ ಮನಿ ಮಾತು.”

ವೆಂಕಟಪ್ಪ ಸಾಲು ನೋಡಿದ. ಹೆಂಗಸರು ಒಬ್ಬೊಬ್ಬರೂ ತುಸು ಅಗಲಕ್ಕೆ ಸರಿದು ನಿಂತಿದ್ದರು. ಒಬ್ಬಳು ಕಡಿಮೆ ಇದ್ದಾಳೆಂದು ಹೇಳಲು ಆಗುತ್ತಿರಲಿಲ್ಲ. ಹೂಂ ಎಂದು ನೀರು ನೋಡಲು ಹೋದ.

ಬುತ್ತಿ ಉಂಡು ಎಲ್ಲರೂ ಮತ್ತೆ ಗದ್ದೆಗೆ ಇಳಿದಾಗ ಲಾಲಮ್ಮ ಕೆಂಪು ಗುಳಿಗೆಯೊಂದನ್ನು ಅಂಗೈಯಲ್ಲಿ ಇಟ್ಟುಕೊಂಡು ಬದುವಿನ ಮೇಲೆ ಕೂತೇ ಇದ್ದಳು. ಒಮ್ಮೆ ಗುಳಿಗೆ ನೋಡುವಳು, ಒಮ್ಮೆ ಸಾಲು ನೋಡುವಳು.

“ಎಲ್ಲಾರ ಮುಂದ ನಾನೊಬ್ಬಾಕಿನ ಹೆಂಗ ತಿನ್ನಲಿ ಅಕ್ಕಾ? ನಾಚಿಕಿ ಬರ್ತದ.”

ಮೌನಮ್ಮ ಕೆಸರಿನಲ್ಲೇ ನಡು ನೆಟ್ಟಗೆ ಮಾಡಿ ತಿರುಗಿದಳು. “ನುಂಗು. ಇವತ್ತು ನಿನ್ನ ಪಾಲಿಗೆ ಬಂದ ಕೆಲಸ ಅದಽ.”

ಅಷ್ಟೂ ಹೆಂಗಸರು ಕೈಯಲ್ಲಿ ಸಸಿ ಹಿಡಿದುಕೊಂಡು ನೀರಿನಲ್ಲಿ ನಿಂತು ಕಾದರು. ಲಾಲಮ್ಮ ಗಟಗಟ ನೀರು ಕುಡಿದು, ಬಾಯಿ ಅಗಲ ತೆರೆದು ತೋರಿಸಿದ ಮೇಲೆಯೇ ಸಾಲು ಮತ್ತೆ ಬಗ್ಗಿತು.